ಕರೆಯುವ ಹೆಸರು, ಬರೆಯುವ ಹೆಸರು

ಕಂಪ್ಲಿಯಿಂದ ಕಮಲಾಪುರಕ್ಕೆ ಬರುವ ರಸ್ತೆಯ ಬದಿಯಲ್ಲಿ, ಹಂಪೆಯ ಹೆಸರಾಂತ ಗುಡಿಗಳಿಂದ ತುಸು ದೂರ ಸರಿದು ನಿಂತ ಜಿನಾಲಯವೊಂದಿದೆ. ಅದರ ಮುಂದಿನ ಎತ್ತರದ ದೀಪಸ್ತಂಭದ ಮೇಲೆ ಶಕವರ್ಷ 1307ರ, ಎಂದರೆ ಕ್ರಿ.ಶ. 1385ರ ಸಂಸ್ಕೃತ ಶಾಸನವಿದೆ. ಇಮ್ಮಡಿ ಹರಿಹರನ ದಂಡನಾಯಕ ಇರುಗಪ್ಪನು ಕುಂಥು ಜಿನನಾಥನ ಈ ಚೈತ್ಯಾಲಯವನ್ನು ಕಟ್ಟಿಸಿದನೆಂದು ಆ ಶಾಸನ ತಿಳಿಸುತ್ತದೆ. ಗುಡಿಯ ಬರೆಯುವ ಹೆಸರು ಇದು. ಆದರೆ ಮೆಟ್ರಿಯಿಂದಲೋ ಕಂಪ್ಲಿಯಿಂದಲೋ ಈ ದಾರಿಯಲ್ಲಿ ಬರುವವರನ್ನು ಕುಂಥುನಾಥ ಚೈತ್ಯಾಲಯ ಎಲ್ಲಿದೆಯೆಂದು ಕೇಳಿದರೆ ಉತ್ತರ ದೊರೆಯುವುದು ಕಷ್ಟ. ಗಾಣಗಿತ್ತಿ ಗುಡಿ ಎಂದರೆ ಕೈ ಮಾಡಿ ತೋರಿಸುತ್ತಾರೆ. ಗಾಣಗಿತ್ತಿ ಎಂದರೆ ಎಣ್ಣೆಗಾಣದ ಹೆಂಗಸು. ಶಾಸನದಲ್ಲಿ ಅಂಥ ಹೆಂಗಸಿನ ಸುಳಿವೇ ಇಲ್ಲ. ಆದರೂ ಊರ ಬಾಯಿ ಇಟ್ಟ ಹೆಸರೇ ಕೊನೆಗೆ ಪುರಾತತ್ತ್ವ ಇಲಾಖೆಯ ಪಟ್ಟಿಯನ್ನೂ ಸೇರಿತು. ಬರೆಯುವ ಹೆಸರನ್ನು ಕಲ್ಲಿನ ಮೇಲೆ ಕಡೆದಿದ್ದರೂ ಕರೆಯುವ ಹೆಸರೇ ಉಳಿದು, ಮರಳಿ ಬರೆಯುವ ಹೆಸರಾಯಿತು. ಹಂಪೆಯ ಮತ್ತೊಂದು ಬಸದಿ, ಪಾರ್ಶ್ವನಾಥನದು, 1426ರಲ್ಲಿ ಇಮ್ಮಡಿ ದೇವರಾಯ ಕಟ್ಟಿಸಿದ್ದು. ಅದು ಇರುವ ಬೀದಿಯನ್ನು ಶಾಸನಕವಿ ಎಲೆ ಅಡಿಕೆಯ ಅಂಗಡಿಬೀದಿ ಎಂಬರ್ಥದ ಸಂಸ್ಕೃತ ಸಮಾಸದಲ್ಲಿ ಹೇಳಿದ್ದಾನೆ. ಇಂದು ವಿದ್ವಾಂಸರು ಕೂಡ ಅದನ್ನು ಪಾನ್‌ಸುಪಾರಿ ಬಜಾರು ಎಂದೇ ಬರೆಯುತ್ತಾರೆ.

ಗುಡಿಗೂ ಬೀದಿಗೂ ಒದಗಿದ ಈ ಇಬ್ಬಂದಿ ಕೂಸಿಗೆ ಹುಟ್ಟಿದ ದಿನದಿಂದಲೇ ಅಂಟಿಕೊಳ್ಳುತ್ತದೆ. ಮೆಟ್ರಿಯಂಥ ಊರಿನ ಮನೆಗಳಲ್ಲಿ ತೊಟ್ಟಿಲ ಶಾಸ್ತ್ರದ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಉಸುರುವ ಹೆಸರು ಒಂದು. ಅಷ್ಟರಲ್ಲಾಗಲೇ ಅಜ್ಜಿಯ ಬಾಯಲ್ಲಿ ಕುದುರಿಕೊಂಡುಬಿಟ್ಟಿರುವ ಗುಂಡ, ಚಿನ್ನಿ, ಬಂಗಾರಿ, ಸಣ್ಣಿ ಎಂಬ ಹೆಸರು ಮತ್ತೊಂದು. ತೆಲುಗಿನ ನೆರೆಯಲ್ಲಿರುವ ನಾಡಾದ್ದರಿಂದ ಬುಜ್ಜಿ, ಚಿಟ್ಟಿಗಳೂ ಧಾರಾಳವಾಗಿವೆ. ಹಿಂದೆ ಈ ಎರಡೂ ತಂತಮ್ಮ ಪಾಡಿಗೆ ಇರುತ್ತಿದ್ದವು. ಬರೆಯುವ ಹೆಸರಿಗೆ ಕೆಲಸ ಬರುತ್ತಿದ್ದುದು ಶಾಲೆಯ ಹಾಜರಿಗೆ, ಲಗ್ನಪತ್ರಿಕೆಗೆ, ಹೊಲದ ಪಹಣಿಗೆ. ಈಗಿನ ತರುಣ ತಂದೆತಾಯಿಗಳಲ್ಲಿ ಕೆಲವರು ಬೇರೆ ಪ್ರಶ್ನೆಯನ್ನು ಎತ್ತುತ್ತಿದ್ದಾರೆ. ಮನೆಮಂದಿಯೆಲ್ಲ ಕರೆಯುವುದು ಈ ಮುದ್ದಿನ ಹೆಸರಿನಿಂದಲೇ ಆದ ಮೇಲೆ, ಯಾರೂ ಕರೆಯದ ಇನ್ನೊಂದನ್ನು ಜನನ ಪ್ರಮಾಣಪತ್ರದಲ್ಲಿ ಏಕೆ ಬರೆಸಬೇಕು? ಇದನ್ನೇ ಬರೆಸಿದರೆ ಆಗದೇ? ಹಿರಿಯರು ಇದಕ್ಕೆ ಒಪ್ಪುವುದಿಲ್ಲ. ದೊಡ್ಡವನಾದ ಮೇಲೆ ನಾಲ್ಕು ಜನರ ಎದುರು ಗುಂಡ ಎಂದು ಕರೆದರೆ ಏನು ಮರ್ಯಾದೆ ಎನ್ನುತ್ತಾರೆ. ಎರಡು ಕಡೆಯವರ ಮಾತಿನಲ್ಲೂ ತಿರುಳಿದೆ. ಆದರೆ ಮರ್ಯಾದೆಯ ಮಾತನ್ನು ಹಂಪೆಯ ನೆರಳಿನಲ್ಲಿ ನಿಂತು ಹೇಳುವುದು ಮಾತ್ರ ಸೋಜಿಗ.

ಮುದ್ದಿನ ಹೆಸರು ಏಕೆ ಹುಟ್ಟುತ್ತದೆಂಬುದನ್ನು ಮೊದಲು ನೋಡಬೇಕು. ಅಕ್ಕರೆಯೊಂದೇ ಕಾರಣವಲ್ಲ. ತೀರಿಕೊಂಡ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ಈ ಕಡೆಯ ರೂಢಿ. ಆದರೆ ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿಲ್ಲ. ತಾನೇ ಹೆತ್ತ ಕೂಸನ್ನು ಕರೆಯಲು ತಾಯಿಗೆ ಹೆಸರಿಲ್ಲದಂತಾಗುತ್ತದೆ. ಆಗ ಕೂಸು ಅಪ್ಪಯ್ಯನಾಗುತ್ತದೆ, ಅಜ್ಜಪ್ಪನಾಗುತ್ತದೆ, ತಾತಪ್ಪನಾಗುತ್ತದೆ. ಅತ್ತೆಯ ಹೆಸರು ಹೊತ್ತ ಹೆಣ್ಣುಕೂಸು ಅವ್ವಿಯಾಗುತ್ತದೆ. ಇದು ಗೌರವದಿಂದ ಹುಟ್ಟಿದ ಮರುಹೆಸರು. ಇದಕ್ಕೆ ತೀರ ಬೇರೆಯಾದ ಕಾರಣ ಭಯ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪ, ತಿಪ್ಪಮ್ಮ ಎನ್ನುತ್ತಿದ್ದರು. ಕಲ್ಲ, ಗುಂಡ, ಅಡಿವೆಪ್ಪ, ತಿರುಕಪ್ಪ ಇವುಗಳಲ್ಲೂ ಬಹುಮಟ್ಟಿಗೆ ಇದೇ ಎಣಿಕೆ: ಬೆಲೆಯಿಲ್ಲದ್ದನ್ನು ಸಾವು ಕೇಳಲಾರದು. ಇಂಥ ಹೆಸರುಗಳು ತೊಟ್ಟಿಲಲ್ಲಿ ಹುಟ್ಟಿದರೂ ತೊಟ್ಟಿಲಲ್ಲೇ ಉಳಿಯಲಿಲ್ಲ. ಅಜ್ಜಪ್ಪ, ತಿಪ್ಪಣ್ಣ, ಗುಂಡಪ್ಪ ಎಂಬ ಹೆಸರಿನ ಹಿರಿಯರು ಪಹಣಿಯಲ್ಲೂ ಮತದಾರರ ಪಟ್ಟಿಯಲ್ಲೂ ಘನತೆಯಿಂದಲೇ ಕುಳಿತಿದ್ದಾರೆ.

ಅರಸುಮನೆತನಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. ವಿಜಯನಗರದ ಮೊದಲ ದೊರೆಯನ್ನು ಪಠ್ಯಪುಸ್ತಕಗಳು ಹರಿಹರನೆನ್ನುತ್ತವೆ, ಜನ ಹಕ್ಕನೆನ್ನುತ್ತಾರೆ. 1340ರ ಬಾದಾಮಿಯ ಶಾಸನ ಅವನನ್ನು ಹರಿಯಪ್ಪ ಒಡೆಯನೆಂದು ಕರೆದಿದೆ. ಅದೇ ದಶಕದಲ್ಲಿ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತನು ಅಲ್ಲಿಯ ಸುಲ್ತಾನ ಹರ್ಯಬ್ ಎಂಬ ಅರಸನಿಗೆ ಅಧೀನನೆಂದು ಬರೆದಿಟ್ಟಿದ್ದಾನೆ. ಈ ‘ಹರ್ಯಬ್’ ಬೇರಾವುದೂ ಅಲ್ಲ, ಪಶ್ಚಿಮ ಕರಾವಳಿಯ ಬಂದರಿನಲ್ಲಿ ಪರದೇಶದ ಪಯಣಿಗನ ಕಿವಿಗೆ ಬಿದ್ದ ಹರಿಯಪ್ಪ. ಅವನ ತಮ್ಮ ಬುಕ್ಕನಂತೂ ಜೀವಮಾನವಿಡೀ ಬುಕ್ಕನೇ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ನಡುವಣ ವ್ಯಾಜ್ಯವನ್ನು ತೀರಿಸಿ ಶ್ರವಣಬೆಳಗೊಳದಲ್ಲಿ ಶಾಸನ ಹಾಕಿಸಿದಾಗಲೂ ಅವನ ಹೆಸರು ಬುಕ್ಕರಾಯನೆಂದೇ. ಗಾಣಗಿತ್ತಿ ಬಸದಿಯ ಸಂಸ್ಕೃತ ಶಾಸನದ ಕವಿಯೂ ಬುಕ್ಕನನ್ನು ಬುಕ್ಕನಾಗಿಯೇ, ಇರುಗನನ್ನು ಇರುಗನಾಗಿಯೇ ಶ್ಲೋಕದೊಳಗೆ ಕೂರಿಸಿದ್ದಾನೆ. ಇರುಗಪ್ಪನ ತಂದೆ ಅಲ್ಲಿ ಚೈಚ, ಬೇರೆಡೆ ಬೈಚಪ್ಪ. ನಾನಾರ್ಥರತ್ನಮಾಲೆಯೆಂಬ ಸಂಸ್ಕೃತ ನಿಘಂಟು ಇರುಗಪ ದಂಡಾಧಿನಾಥನ ಹೆಸರಿನಲ್ಲಿಯೇ ಇದೆ. ಒಂದೊಂದು ಶಬ್ದಕ್ಕೆ ಹಲವು ಅರ್ಥಗಳನ್ನು ಕೊಡುವ ಕೋಶದ ಮೇಲೆ, ಸಂಸ್ಕೃತದಲ್ಲಿ ಯಾವ ಅರ್ಥವನ್ನೂ ಕೊಡದ ಮನೆಮಾತಿನ ಹೆಸರು! ವಾಮನನ ಅಲಂಕಾರಶಾಸ್ತ್ರಕ್ಕೆ ಕಾಮಧೇನುವೆಂಬ ವ್ಯಾಖ್ಯಾನ ಬರೆದ ಸಾಳುವ ಗೋಪತಿಪ್ಪನ ಹೆಸರಿನಲ್ಲಿ ತಿಪ್ಪನಿದ್ದಾನೆ. ಕೃಷ್ಣದೇವರಾಯನ ಮಹಾಪ್ರಧಾನಿ ತಿಮ್ಮರಸನ ಹೆಸರಿನಲ್ಲಿರುವುದು ತಿರುಮಲ ಸವೆದು ಉಳಿದ ತಿಮ್ಮ. 1604ರಲ್ಲಿ ವೇಣೂರಿನ ಗೊಮ್ಮಟನನ್ನು ನಿಲ್ಲಿಸಿದ ಅಜಿಲ ಅರಸನೂ ತಿಮ್ಮನೇ, ತಿಮ್ಮರಾಜ.

ಇಲ್ಲಿ ಗಮನಿಸಬೇಕಾದುದು ಹೆಸರಿನ ಬಾಲ. ಬುಕ್ಕ, ಬುಕ್ಕಣ್ಣ, ಬುಕ್ಕಣ್ಣ ಒಡೆಯ, ಬುಕ್ಕರಾಯ. ಹರಿ, ಹರಿಯಪ್ಪ. ಇರುಗ, ಇರುಗಪ್ಪ. ತಿಮ್ಮ, ತಿಮ್ಮಪ್ಪ, ತಿಮ್ಮರಸ, ತಿಮ್ಮರಾಜ. ಕನ್ನಡದಲ್ಲಿ ಅಪ್ಪ, ಅಣ್ಣ, ಅಯ್ಯ, ಅರಸ, ಅಬ್ಬೆ, ಅಕ್ಕ, ಅವ್ವ, ಅಮ್ಮ ಎಂಬ ನಂಟಿನ ಮಾತುಗಳು ತೊಟ್ಟಿಲ ಹೆಸರಿಗೆ ಹೆಗಲು ಕೊಟ್ಟು ಅದನ್ನು ದೊಡ್ಡದು ಮಾಡುತ್ತವೆ. ಕೂಸು ಬೆಳೆದಂತೆ ಹೆಸರೂ ಬೆಳೆಯುತ್ತದೆ. ತೊಟ್ಟಿಲ ಗುಂಡ ಹೊಲ ಉಳುವಾಗ ಗುಂಡಣ್ಣ, ಮೊಮ್ಮಕ್ಕಳು ಆಡುವಾಗ ಗುಂಡಪ್ಪ. ಹೆಸರು ಬದಲಾಗುವುದಿಲ್ಲ, ಅದರ ವಯಸ್ಸು ಬದಲಾಗುತ್ತದೆ. ಹೆಣ್ಣುಮಕ್ಕಳ ಹೆಸರುಗಳಲ್ಲಿ ಈ ಬೆಳವಣಿಗೆ ಇನ್ನೂ ಚೆಲುವಾಗಿ ಕಾಣುತ್ತದೆ. ದಾನಚಿಂತಾಮಣಿ ಅತ್ತಿಮಬ್ಬೆಯ ತಂಗಿ ಗುಂಡಮಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ, ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ಮಹಿಳೆಯ ಮನೆಯಲ್ಲಿ ಗುಂಡಮಬ್ಬೆಯೆಂಬ ಹೆಸರು ಯಾರಿಗೂ ಎಳಸಾಗಿ ಕೇಳಿಸಲಿಲ್ಲ. ಅತ್ತಿಮಬ್ಬೆಯ ಮಗ ಅಣ್ಣಿಗ. ಆ ಹೆಸರಿನೊಳಗೂ ಅಣ್ಣನ ನೆರಳಿದೆ. ಕವಿಚಕ್ರವರ್ತಿ ರನ್ನನ ತಾಯಿ ಅಬ್ಬಲಬ್ಬೆ. ರನ್ನನ ಹೆಸರಾದರೂ ರತ್ನದ ತದ್ಭವ, ಬಾಯಿಂದ ಬಾಯಿಗೆ ಉರುಳಿ ನುಣುಪಾದ ರೂಪ. ತತ್ಸಮವನ್ನು ಬಲ್ಲವನೇ ಆಗಿದ್ದ ಕವಿ ತದ್ಭವದಲ್ಲೇ ಹೆಸರು ಗಳಿಸಿದ.

ಆದುದರಿಂದ ಮುದ್ದಿನ ಹೆಸರಿಗೆ ಮರ್ಯಾದೆಯಿಲ್ಲವೆಂಬ ಆಕ್ಷೇಪ ನಿಲ್ಲುವುದಿಲ್ಲ. ಬೆಳೆಯಲು ಬಾಲವಿಲ್ಲದ ಮುದ್ದಿನ ಹೆಸರಿನ ಬಗ್ಗೆ ಮಾತ್ರ ಆ ಆಕ್ಷೇಪಕ್ಕೆ ಬೆಲೆಯಿದೆ. ಇಂದು ಬರೆಸಹೊರಟವರು ಬರೆಸುವುದು ಬರಿಯ ಚಿನ್ನಿಯನ್ನು, ಬರಿಯ ಬುಜ್ಜಿಯನ್ನು. ಹಳೆಯ ಕಾಲದವರಾದರೆ ಚಿನ್ನಮ್ಮ, ಚಿನ್ನಪ್ಪ ಎಂದು ಬರೆಸುತ್ತಿದ್ದರು. ಅಪ್ಪ ಅಮ್ಮಗಳು ಹಳತೆಂದು ಕತ್ತರಿಸಿಹಾಕಿ, ಹೆಸರು ಎಳಸಾಯಿತೆಂದು ಕೊರಗುವುದರಲ್ಲಿ ಅರ್ಥವಿಲ್ಲ.

ಜೈನ ಸಂಪ್ರದಾಯ ಈ ತಕರಾರನ್ನು ಬೇರೊಂದು ಬಗೆಯಲ್ಲಿ ಬಿಡಿಸಿತ್ತು. ರಾಷ್ಟ್ರಕೂಟರ ಕಾಲದ ಜಿನಸೇನಾಚಾರ್ಯರು ಆದಿಪುರಾಣದ 38ನೆಯ ಪರ್ವದಲ್ಲಿ 53 ಗರ್ಭಾನ್ವಯ ಕ್ರಿಯೆಗಳನ್ನು ಹೇಳುವಾಗ ನಾಮಕರ್ಮವನ್ನೂ ಹೇಳುತ್ತಾರೆ. ಹುಟ್ಟಿದ ಹನ್ನೆರಡನೆಯ ದಿನದ ಬಳಿಕ, ಅನುಕೂಲವಾದ ದಿನ, ಜಿನನ 1008 ನಾಮಗಳಲ್ಲಿ ಒಂದನ್ನು ಘಟಪತ್ರವಿಧಿಯಿಂದ ಆರಿಸಬೇಕು. ನಾಮಗಳನ್ನು ಬರೆದ ಚೀಟಿಗಳನ್ನು ಘಟದಲ್ಲಿ ಹಾಕಿ ಒಂದನ್ನು ತೆಗೆಯುವುದು ಈ ವಿಧಿ. ಹೆಸರು ತಂದೆಯ ಹೆಮ್ಮೆಯಿಂದಾಗಲಿ ಅಜ್ಜಿಯ ಅಕ್ಕರೆಯಿಂದಾಗಲಿ ಬರುವುದಿಲ್ಲ, ಗಡಿಗೆಯಿಂದ ಬರುತ್ತದೆ. ಇದಕ್ಕಿಂತ ನಿರ್ಲಿಪ್ತವಾದ ನಾಮಕರಣ ಇನ್ನೊಂದಿರಲಾರದು. ಆದರೆ ಹಾಗೆ ಬಂದ ಮಹೋದಯವೋ ಸ್ವಯಂಪ್ರಭವೋ ತೊಟ್ಟಿಲನ್ನು ತೂಗುವ ಬಾಯಲ್ಲಿ ಹಾಗೆಯೇ ಉಳಿಯುತ್ತಿತ್ತೆಂದು ನಂಬುವುದು ಕಷ್ಟ. ಅತ್ತಿಮಬ್ಬೆ, ಗುಂಡಮಬ್ಬೆ, ಇರುಗಪ್ಪ, ಬೈಚಪ್ಪ ಇವರೆಲ್ಲ ಜಿನಭಕ್ತರ ಮನೆಗಳಲ್ಲಿ ಹುಟ್ಟಿದವರೇ. ಸಹಸ್ರನಾಮದ ಗಡಿಗೆಯಿಂದ ಇವರ ಹೆಸರುಗಳು ಬಂದಿರಲಾರವು.

ಸಂಸಾರವನ್ನೇ ಬಿಟ್ಟವರ ವಿಷಯದಲ್ಲೂ ಕರೆಯುವ ಹೆಸರು ಬಿಟ್ಟುಹೋಗಲಿಲ್ಲವೆಂಬುದು ಇನ್ನೂ ಕುತೂಹಲಕರ. ಗಾಣಗಿತ್ತಿ ಬಸದಿಯ ಅದೇ ಕಂಬದ ಶಾಸನ ಮೂಲಸಂಘದ ಗುರುಪರಂಪರೆಯನ್ನು ಹೇಳುವಾಗ ಪದ್ಮನಂದಿಯ ಹೆಸರನ್ನೆತ್ತಿ, ಆ ಆಚಾರ್ಯರಿಗೆ ಐದು ಹೆಸರುಗಳಿದ್ದವೆನ್ನುತ್ತದೆ: ಪದ್ಮನಂದಿ, ಕುಂದಕುಂದ, ವಕ್ರಗ್ರೀವ, ಏಲಾಚಾರ್ಯ, ಗೃಧ್ರಪಿಂಛ. ಮೊದಲನೆಯದು ದೀಕ್ಷೆಯ ಹೆಸರು. ಎರಡನೆಯದು ಊರ ಹೆಸರು. ಬಳ್ಳಾರಿಗೆ ದೂರವಲ್ಲದ, ಗುಂತಕಲ್ಲಿನ ಬಳಿಯ ಕೊನಕೊಂಡ್ಲವೇ ಆ ಕೊಂಡಕುಂದೆಯೆಂದು ಗುರುತಿಸಲಾಗಿದೆ. ವಕ್ರಗ್ರೀವನೆಂದರೆ ಸೊಟ್ಟಕತ್ತಿನವನು. ಗೃಧ್ರಪಿಂಛನೆಂದರೆ ಹದ್ದಿನ ಗರಿಯ ಪಿಂಛವನ್ನು ಹಿಡಿದವನು. ಈ ಐದೂ ಒಬ್ಬರವೇ ಎಂಬುದನ್ನು ಇಂದು ಒಪ್ಪುವಂತಿಲ್ಲ. ಗೃಧ್ರಪಿಂಛ ಉಮಾಸ್ವಾತಿಗಳ ಹೆಸರೆಂದು ಶ್ರವಣಬೆಳಗೊಳದ ಶಾಸನಗಳೇ ಹೇಳುತ್ತವೆ. ಆದರೂ 1385ರ ಒಬ್ಬ ಶಾಸನಕವಿಗೆ, ಆಚಾರ್ಯರಲ್ಲಿ ಅಗ್ರಗಣ್ಯರಾದವರನ್ನು ಹೊಗಳುವಾಗ, ಸೊಟ್ಟಕತ್ತಿನವರೆಂಬ ಹೆಸರನ್ನು ಕಲ್ಲಿನ ಮೇಲೆ ಬರೆಯಲು ಅಳುಕೆನಿಸಲಿಲ್ಲ. ಸಮಯಸಾರದ ಕರ್ತೃವನ್ನು ಲೋಕ ಕುಂದಕುಂದರೆಂದೇ ನೆನೆಯುತ್ತದೆ. ಪದ್ಮನಂದಿ ಎಂದರೆ ಯಾವ ಪದ್ಮನಂದಿ ಎಂದು ಕೇಳಬೇಕಾಗುತ್ತದೆ.

ಈ ಕೊನೆಯ ಮಾತು ಸಣ್ಣದಲ್ಲ. ದೀಕ್ಷೆಯ ಹೆಸರುಗಳು ಕೆಲವೇ, ಅವನ್ನು ಹೊತ್ತವರು ಹಲವರು. ತುಂಗಭದ್ರೆಯ ಆಚೆ ಕೊಪ್ಪಳದ ಪಾಲ್ಕಿಗುಂಡಿನ ಹತ್ತಿರ ಪಾದಗಳನ್ನು ಕಡೆದ ಬಂಡೆಯೊಂದಿದೆ. ಜಟಾಸಿಂಗನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬವನು ಮಾಡಿಸಿದನೆಂದು ಅಲ್ಲಿ ಹಳಗನ್ನಡದಲ್ಲಿದೆ. ಸಿಂಹನಂದಿಗಳು ಬೇಕಾದಷ್ಟು ಜನ ಇದ್ದರು. ಜಡೆಯ ಸಿಂಹನಂದಿ ಒಬ್ಬರೇ. ವರಾಂಗಚರಿತದ ಕವಿಯಾದ ಇವರನ್ನು ಜಿನಸೇನರು ನೆನೆಯುವುದು ಜಟಾಚಾರ್ಯರೆಂದೇ. ಕಾವ್ಯಚಿಂತನೆಯಲ್ಲಿ ಅಲುಗುವ ಅವರ ಜಡೆಗಳು ಅರ್ಥವನ್ನು ವಿವರಿಸುವಂತಿದ್ದವೆಂಬ ಕಲ್ಪನೆ ಬೇರೆ. ಬರೆಯುವ ಹೆಸರು ಒಬ್ಬನನ್ನು ಒಂದು ಸಾಲಿಗೆ ಸೇರಿಸುತ್ತದೆ, ಕರೆಯುವ ಹೆಸರು ಆ ಸಾಲಿನಿಂದ ಅವನನ್ನು ಹೊರಗೆ ತೆಗೆದು ತೋರಿಸುತ್ತದೆ. ಒಂದೇ ಊರಿನಲ್ಲಿ ಹತ್ತು ಹುಲುಗಪ್ಪಗಳಿರುವ ಹೊಸಪೇಟೆ ಸೀಮೆಯಲ್ಲಿ ದೊಡ್ಡ ಹುಲುಗಪ್ಪ, ಸಣ್ಣ ಹುಲುಗಪ್ಪ, ಗಾಡಿ ಹುಲುಗಪ್ಪ ಎಂಬ ಹೆಸರುಗಳು ಹುಟ್ಟುವುದೂ ಹೀಗೆಯೇ. ಬಳ್ಳಾರಿಯ ಕಡೆ ಜಡೆಪ್ಪಗಳೂ ಅನೇಕರಿದ್ದಾರೆಂಬುದನ್ನು ಜಟಾಚಾರ್ಯರ ಓದುಗರು ಮರೆಯಬಾರದು.

ಹಾಗಾದರೆ ಮುದ್ದಿನ ಹೆಸರನ್ನು ಬರೆಸುವುದರಲ್ಲಿ ತೊಡಕೇ ಇಲ್ಲವೆ? ಇದೆ. ಅದು ಮರ್ಯಾದೆಗೆ ಸಂಬಂಧಿಸಿದ್ದಲ್ಲ. ಅದರ ಅತ್ಯಂತ ದೊಡ್ಡ ನಿದರ್ಶನ ವಿಂಧ್ಯಗಿರಿಯ ಮೇಲೆ ಸುಮಾರು 58 ಅಡಿ ಎತ್ತರಕ್ಕೆ ನಿಂತಿದೆ.

ಬಾಹುಬಲಿಯ ಆ ಮೂರ್ತಿಯನ್ನು ಗೊಮ್ಮಟನೆಂದು ಏಕೆ ಕರೆಯುತ್ತಾರೆಂಬುದು ಕಳೆದ ಶತಮಾನದ ವಿದ್ವತ್ತಿನ ಸೊಗಸಾದ ಚರ್ಚೆಗಳಲ್ಲಿ ಒಂದು. ಮಂಜೇಶ್ವರದ ಗೋವಿಂದ ಪೈಗಳು ಮನ್ಮಥ ಶಬ್ದವೇ ಗೊಮ್ಮಟವಾಗಿದೆಯೆಂದು ವಾದಿಸಿದರು, ಬಾಹುಬಲಿ ಕಾಮದೇವನಷ್ಟೆ. ಸದಲಗೆಯ ಆ. ನೇ. ಉಪಾಧ್ಯೆಯವರು ಇದನ್ನು ಒಪ್ಪಲಿಲ್ಲ. ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನ ಮನೆಯ ಹೆಸರೇ ಗೊಮ್ಮಟ, ಗೊಮ್ಮಟನ ಈಶ್ವರ ಗೊಮ್ಮಟೇಶ್ವರ ಎಂಬುದು ಅವರ ನಿಲುವು. ಅದಕ್ಕೆ ಗಟ್ಟಿಯಾದ ಆಧಾರವಿತ್ತು. ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಪ್ರಾಕೃತ ಗ್ರಂಥದ ಹೆಸರು ಗೊಮ್ಮಟಸಾರ, ಅದರಲ್ಲಿ ಅವನನ್ನು ಗೊಮ್ಮಟನೆಂದೇ ಕರೆದಿದ್ದಾರೆ. ಮೂರ್ತಿಯ ಪಾದದ ಬಳಿ ಕನ್ನಡ, ತಮಿಳು, ಮರಾಠಿಗಳಲ್ಲಿರುವ ಶಾಸನಗಳಲ್ಲಾದರೋ ಮಾಡಿಸಿದವನ ಹೆಸರಿದೆಯೇ ಹೊರತು ಗೊಮ್ಮಟವೆಂಬ ಮಾತಿಲ್ಲ. ಮರಾಠಿ ಕೊಂಕಣಿಗಳಲ್ಲಿ ಇಂದಿಗೂ ಗೋಮಟ ಎಂದರೆ ಚೆಲುವಾದದ್ದು. ಚೆಲುವ! ತೊಟ್ಟಿಲ ಮೇಲೆ ಬಾಗಿದ ತಾಯಿ ಕೂಸನ್ನು ಕರೆಯುವ ಹೆಸರೇ ಇದು. ಉಪಾಧ್ಯೆಯವರ ವಾದ ಸರಿಯಾಗಿದ್ದರೆ, ಗಂಗರ ದಂಡನಾಯಕನೊಬ್ಬನ ಮನೆಯಲ್ಲಿ ಕರೆಯುತ್ತಿದ್ದ ಮುದ್ದಿನ ಹೆಸರು ಅವನ ಗುರುಗಳ ಗ್ರಂಥಕ್ಕೂ ಅವನು ನಿಲ್ಲಿಸಿದ ಮೂರ್ತಿಗೂ ಹೆಸರಾಯಿತು. ಬಳಿಕ 1432ರಲ್ಲಿ ಕಾರ್ಕಳದ, 1604ರಲ್ಲಿ ವೇಣೂರಿನ ಮೂರ್ತಿಗಳಿಗೂ ಅದೇ ಹೆಸರು ಸಂದಿತು. ಮಾಡಿಸಿದವನೊಬ್ಬನ ಹೆಸರು ಆ ಬಗೆಯ ಮೂರ್ತಿಗಳಿಗೆಲ್ಲ ಹೆಸರಾದದ್ದು ಸಾಮಾನ್ಯವಲ್ಲ.

ಆದರೆ ಈ ಪಯಣದಲ್ಲಿ ಹೆಸರನ್ನು ಕಳೆದುಕೊಂಡವನೊಬ್ಬನಿದ್ದಾನೆ. ಇಂದು ಯಾರೂ ಚಾವುಂಡರಾಯನನ್ನು ಗೊಮ್ಮಟನೆನ್ನುವುದಿಲ್ಲ. ಹೊರಗಿನ ಲೋಕಕ್ಕೆ ಹೋದ ಮನೆಯ ಹೆಸರು ಮನೆಗೆ ಮರಳಲಿಲ್ಲ. ಆ ಮನೆಗೆ ಬೇರೆ ಕರೆಗಳೂ ಇದ್ದವೆನ್ನಬೇಕು. ಅವನನ್ನು ಅಣ್ಣನೆಂದೂ ರಾಯನೆಂದೂ ಕರೆಯುತ್ತಿದ್ದರೆಂದು ತಿಳಿದುಬರುತ್ತದೆ. ಈ ರಾಯ ಎಂಬುದನ್ನು ರನ್ನ ತನ್ನ ಮಗನಿಗೆ ಇಟ್ಟ, ಮಗಳಿಗೆ ಅತ್ತಿಮಬ್ಬೆಯೆಂದು ಹೆಸರಿಟ್ಟ. ಮುಧೋಳದ ಕವಿಯ ಮನೆಯಲ್ಲಿ ಆಶ್ರಯದಾತರಿಬ್ಬರ ಕರೆಯುವ ಹೆಸರುಗಳು ಕೂಸುಗಳ ಬರೆಯುವ ಹೆಸರುಗಳಾದವು. ಕೃತಜ್ಞತೆಗೆ ಇದಕ್ಕಿಂತ ಆಪ್ತವಾದ ಶಾಸನ ಬೇಕೆ? ಆದರೂ ಅತ್ತಿಮಬ್ಬೆಯೆಂಬ ಹೆಣ್ಣುಕೂಸನ್ನು ಆ ಮನೆಯಲ್ಲಿ ದಿನವೂ ಅತ್ತಿಮಬ್ಬೆಯೆಂದೇ ಕರೆದಿರಲಾರರು. ಪೂಜ್ಯರ ಹೆಸರನ್ನು ಹೊತ್ತ ಕೂಸನ್ನು ಗದರಿಸುವುದಾದರೂ ಹೇಗೆ?

ತೊಡಕು ಇರುವುದು ಇಲ್ಲಿ. ಕೇಶಿರಾಜನ ಶಬ್ದಮಣಿದರ್ಪಣದ ಕಾಲದಿಂದ ಕನ್ನಡ ವ್ಯಾಕರಣ ನಾಮಗಳನ್ನು ರೂಢ, ಅನ್ವರ್ಥ, ಅಂಕಿತವೆಂದು ವಿಂಗಡಿಸುತ್ತ ಬಂದಿದೆ. ವ್ಯವಹಾರಕ್ಕಾಗಿ ಇಟ್ಟುಕೊಂಡದ್ದು ಅಂಕಿತ, ಗುಣವನ್ನು ಹಿಡಿದು ಬಂದದ್ದು ಅನ್ವರ್ಥ. ಮುದ್ದಿನ ಹೆಸರು ಇವೆರಡರ ನಡುವೆ ಎಲ್ಲೋ ಇದೆ. ಅದರ ಅರ್ಥ ಪದದೊಳಗಿಲ್ಲ, ಕರೆಯುವವರ ದನಿಯಲ್ಲಿದೆ. ಗುಂಡ ಎಂದು ಅಜ್ಜಿ ಕರೆದರೆ ಒಂದು, ತಹಸೀಲ್ದಾರರ ಕಚೇರಿಯಲ್ಲಿ ಸರದಿ ಬಂದಾಗ ಕೂಗಿದರೆ ಇನ್ನೊಂದು. ಬರೆಸಿದ ದಿನವೇ ಆ ಹೆಸರು ಶಾಲೆಯ ಜವಾನನದೂ ಬ್ಯಾಂಕಿನ ಗುಮಾಸ್ತೆಯದೂ ಆಗುತ್ತದೆ. ಆಗ ಮನೆ ಸುಮ್ಮನಿರುವುದಿಲ್ಲ, ಇನ್ನೊಂದು ಮುದ್ದಿನ ಹೆಸರನ್ನು ಹುಟ್ಟಿಸಿಕೊಳ್ಳುತ್ತದೆ. ಎರಡು ಹೆಸರಿನ ಗೊಡವೆ ಬೇಡವೆಂದು ಒಂದನ್ನೇ ಬರೆಸಿದವರ ಮನೆಯಲ್ಲಿ ವರ್ಷ ಕಳೆಯುವಷ್ಟರಲ್ಲಿ ಮತ್ತೆ ಎರಡು ಹೆಸರುಗಳಿರುತ್ತವೆ.

ಹಳಬರಿಗೆ ಎರಡು ಹೆಸರುಗಳಿಂದ ತೊಂದರೆಯಾಗಲಿಲ್ಲ, ಏಕೆಂದರೆ ಬರವಣಿಗೆಯೇ ಸಡಿಲವಾಗಿತ್ತು. ಬುಕ್ಕನನ್ನು ಒಂದು ಕಲ್ಲು ಬುಕ್ಕಣ್ಣ ಒಡೆಯನೆಂದರೆ ಇನ್ನೊಂದು ಬುಕ್ಕರಾಯನೆಂದಿತು. ಯಾರೂ ಪ್ರಮಾಣಪತ್ರ ಕೇಳಲಿಲ್ಲ. ಇಂದು ಶಾಲೆಯ ದಾಖಲೆಯಲ್ಲಿ ಹುಲುಗಪ್ಪ, ಆಧಾರ್‌ನಲ್ಲಿ ಹುಲಗಪ್ಪ, ಪಹಣಿಯಲ್ಲಿ ಸಣ್ಣ ಹುಲುಗಪ್ಪ ಎಂದಿದ್ದರೆ, ಮೂವರೂ ಒಬ್ಬನೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಬೇಕು. ಉರುಫ್ ಎಂಬ ಪುಟ್ಟ ಪದಕ್ಕೆ ತೆರುವ ದಂಡ ಎಷ್ಟೆಂಬುದು ತಂದೆಯ ಹೊಲವನ್ನು ಹೆಸರಿಗೆ ಮಾಡಿಸಿಕೊಳ್ಳಲು ಅಲೆದವರಿಗೆ ಗೊತ್ತು. ಇದರ ಮೇಲೆ ಮಾಸ್ತರರ ತಿದ್ದುಪಡಿ ಬೇರೆ. ಒಂದು ತಲೆಮಾರಿನ ಶಾಲಾ ಮಾಸ್ತರರು ದಾಖಲಾತಿಯ ಹೊತ್ತಿಗೆ ಹುಲುಗಪ್ಪನನ್ನು ಹುಲುಗೇಶನನ್ನಾಗಿ, ತಿಪ್ಪಣ್ಣನನ್ನು ತಿಪ್ಪೇಶನನ್ನಾಗಿ, ವಿರುಪಣ್ಣನನ್ನು ವಿರೂಪಾಕ್ಷನನ್ನಾಗಿ ಮಾಡಿದರು. ತಿಪ್ಪೆಗೆ ಈಶನನ್ನು ಸಂಧಿ ಮಾಡಿ ಕೂಡಿಸಿದರೆ ಅದು ಸಂಸ್ಕೃತವಾಗುವುದೆಂಬ ಅವರ ನಂಬಿಕೆಯಲ್ಲಿ ಮುಗ್ಧತೆಯಿದೆ. ಆದರೆ ಮಕ್ಕಳ ಏಳಿಗೆಯ ಬಗೆಗಿದ್ದ ಕಾಳಜಿ ನಿಜ. ಇದಕ್ಕೆ ಎದುರಾದ ಉದಾಹರಣೆಯೂ ಇದೇ ಜಿಲ್ಲೆಯಲ್ಲಿದೆ. ಬಳ್ಳಾರಿಯ ಬಳಿಯ ಚೆಳ್ಳಗುರ್ಕಿಯ ಅವಧೂತರನ್ನು ಜನ ಎರ್ರಿತಾತ ಎಂದರು. ತೆಲುಗಿನಲ್ಲಿ ಎರ್ರಿ ಎಂದರೆ ಹುಚ್ಚು. ಆ ಹುಚ್ಚುತಾತನ ಹೆಸರು ಎರ್ರಿಸ್ವಾಮಿ, ಎರ್ರೆಪ್ಪ ಎಂದು ಊರೂರಿನ ಕೂಸುಗಳ ಬರೆಯುವ ಹೆಸರಾಗಿದೆ. ಹಾಗೆ ಹೆಸರಿಟ್ಟವರಲ್ಲಿ ಯಾರಿಗೂ ಪದದ ಅರ್ಥ ಅಡ್ಡಬರಲಿಲ್ಲ. ಸ್ವಾಮಿ, ಅಪ್ಪ ಎಂಬ ಬಾಲಗಳು ಇಲ್ಲಿಯೂ ತಮ್ಮ ಕೆಲಸ ಮಾಡಿವೆ.

ಬಳ್ಳಾರಿ ಜಿಲ್ಲೆಗೆ ಈ ವಿಷಯದಲ್ಲಿ ಇನ್ನೂ ಹಳೆಯ ಹಕ್ಕಿದೆ. ಭರತಖಂಡದ ಉದ್ದಗಲಕ್ಕೂ ಚಕ್ರವರ್ತಿಯೊಬ್ಬ ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬರೆಯುವ ಹೆಸರುಗಳಿಂದಲೇ ಹೇಳಿಕೊಂಡ. ಅವನ ಸ್ವಂತದ ಹೆಸರು ಅಶೋಕ ಎಂಬುದು ಬಂಡೆಯ ಮೇಲೆ ದೊರೆತಿರುವ ಸ್ಥಳಗಳು ನಾಲ್ಕೇ. ಒಂದು ಮಧ್ಯಪ್ರದೇಶದ ಗುಜರ್ರಾ. ಇನ್ನೊಂದು ರಾಯಚೂರು ಜಿಲ್ಲೆಯ ಮಸ್ಕಿ. ಉಳಿದೆರಡು ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೆಗೋಳ. ಕೊಪ್ಪಳದ ಎರಡು ಶಾಸನಗಳಲ್ಲಿಯೂ ಆ ಹೆಸರಿಲ್ಲ. 1915ರಲ್ಲಿ ಮಸ್ಕಿಯ ಶಾಸನ ಬೆಳಕಿಗೆ ಬಂದ ಮೇಲೆಯೇ ಪ್ರಿಯದರ್ಶಿಯೂ ಅಶೋಕನೂ ಒಬ್ಬನೇ ಎಂಬುದಕ್ಕೆ ಶಾಸನದ ಸಾಕ್ಷಿ ಸಿಕ್ಕಿತು. ದೇವಾನಾಂಪ್ರಿಯ, ಅಶೋಕ ಎಂಬ ಎರಡು ಹೆಸರುಗಳನ್ನು ಒಂದೇ ಕಲ್ಲಿನಲ್ಲಿ ಬರೆದಿಟ್ಟಿದ್ದರಿಂದ ಆ ಗುರುತು ಸಾಧ್ಯವಾಯಿತು. ಅಫಿಡವಿಟ್ ಬೇಡುವ ಇಂದಿನ ಕಚೇರಿ ಕೇಳುವುದೂ ಅದನ್ನೇ ಅಲ್ಲವೆ?

ಇನ್ನು ಇಂದಿನ ಕಟ್ಟಳೆ. 1969ರ ಜನನ ಮರಣ ನೋಂದಣಿ ಅಧಿನಿಯಮದ ಪ್ರಕಾರ ಜನನವನ್ನು 21 ದಿನಗಳೊಳಗೆ ತಿಳಿಸಬೇಕು. ಹೆಸರನ್ನು ಅಂದೇ ಬರೆಸಬೇಕೆಂಬ ನಿರ್ಬಂಧವಿಲ್ಲ. ಹೆಸರಿಲ್ಲದೆ ಜನನವನ್ನು ನೋಂದಾಯಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರನ್ನು ಸೇರಿಸಬಹುದು. ತಡವಾದರೆ ಶುಲ್ಕ ಕೊಟ್ಟು 15 ವರ್ಷಗಳವರೆಗೂ ಅವಕಾಶವಿದೆ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ, ಅಂದಿನಿಂದ ಹುಟ್ಟಿದ ಮಕ್ಕಳಿಗೆ ಶಾಲೆಯ ಪ್ರವೇಶದಿಂದ ಮತದಾರರ ಪಟ್ಟಿಯವರೆಗೆ ಜನನದ ದಿನಾಂಕಕ್ಕೂ ಸ್ಥಳಕ್ಕೂ ಈ ಪ್ರಮಾಣಪತ್ರವನ್ನೇ ಪುರಾವೆಯಾಗಿಸಿದೆ. ಮಾಸ್ತರರ ಈಶಪ್ರತ್ಯಯಕ್ಕೆ ಇನ್ನು ಎಡೆಯಿಲ್ಲ. ಬರೆದ ಅಕ್ಷರವೇ ಬಹುಪಾಲು ಆಯುಷ್ಯದುದ್ದಕ್ಕೂ ಬರುವ ಅಕ್ಷರ.

ಮೆಟ್ರಿಯ ಮನೆಗಳಿಗೆ ಕಾನೂನು ಕೊಟ್ಟಿರುವ ಆ 12 ತಿಂಗಳು ಹೆಚ್ಚಿನವರು ಬಳಸದೆ ಬಿಡುವ ಸವಲತ್ತು. ಆಸ್ಪತ್ರೆಯಲ್ಲಿ ಕೇಳಿದ ಕೂಡಲೆ ಮೊಬೈಲಿನಲ್ಲಿ ಹುಡುಕಿ ಒಂದನ್ನು ಬರೆಸುವ ಆತುರ ಬೇಕಿಲ್ಲ, ಅಜ್ಜಿಯ ಬಾಯಲ್ಲಿ ಬಂದದ್ದನ್ನು ಮರುದಿನವೇ ಓಡಿಹೋಗಿ ಬರೆಸುವುದೂ ಬೇಕಿಲ್ಲ. ವರ್ಷ ತುಂಬುವಷ್ಟರಲ್ಲಿ ಕೂಸು ಯಾವ ಕೂಗಿಗೆ ತಿರುಗಿ ನೋಡುತ್ತದೆಂಬುದು ಮನೆಯವರಿಗೆ ತಿಳಿದಿರುತ್ತದೆ. ಮುದ್ದಿನ ಹೆಸರನ್ನೇ ಬರೆಸುವುದೆಂದಾದರೆ ಅದಕ್ಕೊಂದು ಅಪ್ಪನನ್ನೋ ಅಮ್ಮನನ್ನೋ ಸೇರಿಸಿ ಬರೆಸುವುದು ಮೇಲು. ಗುಂಡಪ್ಪನನ್ನು ಮನೆಯವರು ಗುಂಡ ಎಂದು ಕರೆಯುವುದಕ್ಕೆ ಯಾವ ದಾಖಲೆಯೂ ಅಡ್ಡಬಾರದು. ಗುಂಡನೆಂದೇ ಬರೆಸಿದರೆ ಅವನನ್ನು ಗುಂಡಪ್ಪನಾಗಿ ಬೆಳೆಸಲು ನೋಟರಿ ಬೇಕಾಗುತ್ತದೆ. ಬೇರೊಂದನ್ನು ಬರೆಸುವುದಾದರೆ ಅದು ಸೋದರತ್ತೆಯ ನಾಲಗೆಗೆ ಎಟಕುವಂಥದಾಗಿರಲಿ. ಅವಳು ತೊಟ್ಟಿಲ ಮೇಲೆ ಬಾಗಿ ಮೂರು ಸಲ ಹೇಳಬೇಕಾದ ಹೆಸರು ಅದು. ಕಚೇರಿಯಿಂದ ಹೊರಡುವ ಮುನ್ನ, ಅಚ್ಚಾಗಿ ಬಂದ ಪತ್ರದಲ್ಲಿ ಕನ್ನಡದ ಅಕ್ಷರಗಳೂ ಇಂಗ್ಲಿಷಿನ ಅಕ್ಷರಗಳೂ ಒಂದೇ ಉಚ್ಚಾರಣೆಯನ್ನು ಕೊಡುತ್ತವೆಯೇ ಎಂದು ಯಾರಾದರೊಬ್ಬರು ಗಟ್ಟಿಯಾಗಿ ಓದಿನೋಡಬೇಕು.